ಎಲ್ಲರೂ ‘ಇಂಗ್ಲಿಷ್’ ಅಂದರು: ಎಂ.ಎ. ಮೊದಲ ವರ್ಷದ ಒಂದು ಪ್ರಕರಣ

ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ದೂರದ ಜಿಲ್ಲೆಗಳಿಂದ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಎಂ.ಎ. ಓದಲು ಬರುವ ಮಕ್ಕಳು ಪ್ರತಿ ವರ್ಷ ಯಾರದೋ ಪರಿಚಯ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗಿಯ ಮೊದಲ ಸೆಮಿಸ್ಟರ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವಳೂ ಅವಳ ಮನೆಯವರೂ ಒಪ್ಪಿದ್ದಾರೆ. ಹೆಸರು, ಊರು, ವರ್ಷ ಹೇಳುವುದಿಲ್ಲ. ಅವಳು ಸೇರಿದ ವಿಶ್ವವಿದ್ಯಾಲಯ ಯಾವುದು ಅಂತಲೂ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅವಳು ಓದು ಬಿಟ್ಟು ಊರಿಗೆ ಹೊರಟು ನಿಂತಿದ್ದಳು. ಯಾಕೆ ಅಂತ ಕೇಳಿದರೆ ಅವಳು, ತಂದೆ, ಗೆಳತಿಯರು, ತರಗತಿಯ ಮೇಷ್ಟ್ರು, ಎಲ್ಲರೂ ಒಂದೇ ಉತ್ತರ ಕೊಟ್ಟರು: ಇಂಗ್ಲಿಷ್. ಬಿಡಿಸುತ್ತಾ ಹೋದಾಗ ಸಿಕ್ಕಿದ್ದು ಬೇರೆ.

ಹಿನ್ನೆಲೆ

ಕಲ್ಯಾಣ ಕರ್ನಾಟಕದ ಒಂದು ಹಳ್ಳಿ. ತಂದೆಗೆ ಎರಡು ಎಕರೆ ಒಣಭೂಮಿ, ತೊಗರಿ ಬೆಳೆಯುತ್ತಾರೆ. ತಾಯಿ ಕೂಲಿಗೂ ಹೋಗುತ್ತಾರೆ. ಹುಡುಗಿ ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ, ಪಿಯುಸಿ ಕಲಾ ವಿಭಾಗದಲ್ಲಿ, ಬಿ.ಎ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಅವಳ ಉಪನ್ಯಾಸಕರು ಎಂ.ಎ.ಗೆ ಬೆಂಗಳೂರಿಗೇ ಹೋಗು ಎಂದು ಹಟ ಹಿಡಿದರು. ಮನೆಯಿಂದ ಡಿಗ್ರಿ ಮುಗಿಸಿದವಳು ಇವಳೇ ಮೊದಲು. ಹಾಗಾಗಿ ಅವರ ಮಾತು ಬಿಟ್ಟರೆ ಬೇರೆ ದಾರಿ ತೋರಿಸುವವರು ಇರಲಿಲ್ಲ.

ಆ ಉಪನ್ಯಾಸಕರು ಒಂದು ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದರು. ಫಲಿತಾಂಶ ಬರುವ ಮೊದಲೇ ಸಂವಿಧಾನದ 371(ಜೆ) ವಿಧಿಯ ಮೀಸಲಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟಿದ್ದರು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಆ ಭಾಗದ ಸಂಸ್ಥೆಗಳಲ್ಲಿ ಶೇ 70 ಸೀಟು ಮೀಸಲು ಎನ್ನುವುದು ಅಲ್ಲಿ ಬಹುತೇಕರಿಗೆ ಗೊತ್ತು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಇದೆ ಎನ್ನುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಈ ಪತ್ರ ಕೊಡುವುದು ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿ. ಅರ್ಜಿ ಹಾಕಿ ಕಾಯಬೇಕು. ಕೌನ್ಸೆಲಿಂಗ್ ದಿನ ನೆನಪಾದರೆ ಪ್ರಯೋಜನವಿಲ್ಲ. ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಸೀಟಿನ ಪಾಲು ಮೊದಲೇ ಕಡಿಮೆ. ಈ ಒಂದು ಕಾಗದ ಇಲ್ಲದಿದ್ದರೆ ಅವಳಿಗೆ ಸೀಟೇ ಸಿಗುತ್ತಿರಲಿಲ್ಲ.

ಸೀಟಿನ ದಿನ

ದಾಖಲಾತಿ ಪರಿಶೀಲನೆಗೆ ತಂದೆ, ಮಗಳು ರಾತ್ರಿ ರೈಲಿನಲ್ಲಿ ಬಂದರು. ಮೆಜೆಸ್ಟಿಕ್‌ನಲ್ಲಿ ಆಟೊದವರಿಗೆ ‘ಬೆಂಗಳೂರು ಯುನಿವರ್ಸಿಟಿ’ ಅಂದರು. ಹೋದದ್ದು ಬೇರೆ ವಿಶ್ವವಿದ್ಯಾಲಯಕ್ಕೆ. ಇದು ಆಟೊದವರ ತಪ್ಪೇನಲ್ಲ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಜ್ಞಾನಭಾರತಿ ಆವರಣದಲ್ಲಿ ಹಳೆಯ ಹೆಸರಿನದೇ ಉಳಿಯಿತು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ, ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಎಂದು ಹೆಸರಾದ ವಿಶ್ವವಿದ್ಯಾಲಯ ಬಂತು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಆಡಳಿತ ಕೋಲಾರದ ಕಡೆ ಇದೆ. ಇವಲ್ಲದೆ ಮಹಾರಾಣಿ ಕ್ಲಸ್ಟರ್, ನೃಪತುಂಗ ವಿಶ್ವವಿದ್ಯಾಲಯಗಳೂ ಇವೆ. ಊರಿನಿಂದ ಬರುವವರು ವಿಳಾಸದ ಜೊತೆ ಹತ್ತಿರದ ಮೆಟ್ರೊ ನಿಲ್ದಾಣದ ಹೆಸರನ್ನೂ ಬರೆದುಕೊಂಡು ಬರಬೇಕು. ಜ್ಞಾನಭಾರತಿ, ಸೆಂಟ್ರಲ್ ಕಾಲೇಜು ಎರಡಕ್ಕೂ ನೇರಳೆ ಮಾರ್ಗದಲ್ಲಿ ನಿಲ್ದಾಣಗಳಿವೆ, ಆದರೆ ನಡುವೆ ಬಹಳ ದೂರ.

ಅರ್ಧ ದಿನ ಕಳೆದು ಸರಿಯಾದ ಜಾಗಕ್ಕೆ ಬಂದಾಗ ಇನ್ನೊಂದು ತೊಡಕು. ಆರನೇ ಸೆಮಿಸ್ಟರ್‌ನ ಅಂಕಪಟ್ಟಿ ಅವಳ ಹಳೆಯ ವಿಶ್ವವಿದ್ಯಾಲಯದಿಂದ ಇನ್ನೂ ಕೈಗೆ ಬಂದಿರಲಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಸೇರಲು ಹಳೆಯದು ಕೊಡುವ ಮೈಗ್ರೇಶನ್ ಸರ್ಟಿಫಿಕೇಟ್ ಕೂಡ ಇರಲಿಲ್ಲ. ತಂದೆ ಅಂದೇ ರಾತ್ರಿ ವಾಪಸ್ ಹೋಗಿ ತರುತ್ತೇನೆ ಅಂದರು. ಹೋಗಿದ್ದರೆ ಸೀಟು ಕೈ ತಪ್ಪುತ್ತಿತ್ತು. ಸಾಲಿನಲ್ಲಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಹೇಳಿದಳು: ಆನ್‌ಲೈನ್ ಫಲಿತಾಂಶದ ಪ್ರಿಂಟ್ ತೆಗೆಸಿ, ಮೂಲ ದಾಖಲೆ ಇಂಥ ದಿನದೊಳಗೆ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಿ, ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತಾರೆ. ಹಾಗೇ ಆಯಿತು. ಮುಚ್ಚಳಿಕೆಗೆ ಅವಕಾಶವಿದೆಯಾ ಎಂದು ಕೇಳದಿದ್ದರೆ ಅದನ್ನು ತಾವಾಗಿ ಹೇಳುವವರು ಕೌಂಟರ್‌ಗಳಲ್ಲಿ ಕಡಿಮೆ.

ಸಂಜೆ ತಂದೆ ನನಗೆ ಫೋನ್ ಮಾಡಿದರು. ‘ಸೀಟ್ ಸಿಕ್ಕದ್ರೀ ಮೇಡಂ, ಇನ್ನ ಚಿಂತಿ ಇಲ್ಲ.’ ಫೀ ಕಟ್ಟಲು ತಾಯಿ ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದರು. ಸ್ಕಾಲರ್‌ಶಿಪ್ ಬಂದ ಕೂಡಲೇ ತೀರಿಸುವುದು, ಹಾಸ್ಟೆಲ್ ಸಿಗುವವರೆಗೆ ಸೋದರಮಾವನ ಮನೆಯಲ್ಲಿ ಇರುವುದು, ಇದು ಅವರ ಲೆಕ್ಕ. ಮಾವ ಗೌಂಡಿ ಕೆಲಸ ಮಾಡುತ್ತಾರೆ, ನಗರದ ಪೂರ್ವದ ತುದಿಯಲ್ಲಿ ಒಂದು ಕೋಣೆಯ ಮನೆ. ವಿಶ್ವವಿದ್ಯಾಲಯ ಇರುವುದು ಅಲ್ಲಿಂದ ಬಹಳ ದೂರ.

ಸಮಸ್ಯೆ ಕಂಡ ರೀತಿ

ತರಗತಿ ಶುರುವಾದ ಮೇಲೆ ಅವಳ ಮಾತು ಕಡಿಮೆಯಾಯಿತು. ಫೋನ್ ಮಾಡಿದರೆ ‘ಹೂಂ ಮೇಡಂ, ಚಲೋ ನಡೆದದ’ ಅನ್ನುತ್ತಿದ್ದಳು. ಮೊದಲ ಇಂಟರ್ನಲ್ ಟೆಸ್ಟ್ ಆದ ಮೇಲೆ ಒಂದು ದಿನ ಅವಳೇ ಕರೆ ಮಾಡಿದಳು. ‘ನಂಗ ಇಂಗ್ಲಿಷ್ ಬರಂಗಿಲ್ರೀ ಮೇಡಂ. ಎಲ್ಲರೂ ಸಿಟಿಯವ್ರು. ನಾ ಊರಿಗೆ ಹೋಗ್ತೀನಿ.’

ಅದಕ್ಕೂ ಮೊದಲು ಅವಳು ತನಗೆ ತೋಚಿದ್ದನ್ನು ಮಾಡಿದ್ದಳು. ಐದು ಸಾವಿರ ರೂಪಾಯಿ ಕೊಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದಳು. ಆ ದುಡ್ಡು ಸಂಘದ ಸಾಲದಲ್ಲಿ ಉಳಿದದ್ದು. ವಾರದ ಕಂತು ಊರಿನಲ್ಲಿ ತಾಯಿ ಕಟ್ಟುತ್ತಲೇ ಇದ್ದರು. ಸಂಜೆಯ ಆ ಕ್ಲಾಸಿನಿಂದ ಮನೆ ಸೇರುವುದು ಇನ್ನಷ್ಟು ತಡವಾಗುತ್ತಿತ್ತು.

ತಂದೆಯದೂ ಅದೇ ಮಾತು. ‘ಆಕಿಗೆ ಇಂಗ್ಲಿಷ್ ಬರಂಗಿಲ್ರೀ, ಸುಮ್ನ ಯಾಕ? ಬಿ.ಎಡ್. ಮಾಡಿದ್ರ ಎರಡ ವರ್ಷದಾಗ ಸಾಲಿ ಟೀಚರ್ ಆಗ್ತಾಳ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇಂಥ ಮನೆಗೆ ಬಿ.ಎಡ್. ಒಂದು ಭರವಸೆ. ಅವಳು ಹೋಗುವುದಾದರೆ ಹೋಗಲಿ, ಆದರೆ ನಿಜವಾದ ಕಾರಣ ತಿಳಿದುಕೊಂಡು ಹೋಗಲಿ ಎನ್ನುವುದಷ್ಟೇ ನನ್ನ ಆಸೆಯಾಗಿತ್ತು. ‘ನನಗೆ ಬರೋದಿಲ್ಲ’ ಎನ್ನುವ ತೀರ್ಮಾನ ಹೊತ್ತು ಹೋದರೆ ಅದು ಮುಂದೆ ಬಿ.ಎಡ್. ತರಗತಿಗೂ ಅವಳ ಜೊತೆಯೇ ಬರುತ್ತದೆ.

ಉತ್ತರ ಪತ್ರಿಕೆಗಳ ಜೊತೆ ಒಂದು ಮಧ್ಯಾಹ್ನ

ಭಾನುವಾರ ಟೆಸ್ಟ್ ಪೇಪರ್‌ಗಳನ್ನೆಲ್ಲ ತಗೊಂಡು ಬಾ ಅಂದೆ. ಅಂಕ ಎಷ್ಟು ಅಂತ ಕೇಳಲಿಲ್ಲ, ಒಂದೊಂದೇ ಉತ್ತರ ಓದಿದೆವು.

ಭಾರತದ ಆರ್ಥಿಕತೆಯ ಪತ್ರಿಕೆಯಲ್ಲಿ ಬರೆದದ್ದು ಚೆನ್ನಾಗಿಯೇ ಇತ್ತು. ಅವಳ ವಿಭಾಗದಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಅವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬರೆದಿದ್ದಳು. ವಾಕ್ಯ ಒಡೆದಿದ್ದರೂ ವಿಷಯ ಇತ್ತು, ಅಂಕವೂ ಬಂದಿತ್ತು. ಸೂಕ್ಷ್ಮ ಅರ್ಥಶಾಸ್ತ್ರದ ಪತ್ರಿಕೆಯಲ್ಲೂ ಬೇಡಿಕೆ ನಿಯಮ ವಿವರಿಸುವ ಪ್ರಶ್ನೆ ಸರಿಯಾಗಿತ್ತು. ಸೀದಾ ಖಾಲಿ ಬಿಟ್ಟಿದ್ದು ಎರಡೇ ಕಡೆ. ಒಂದು, ಬೇಡಿಕೆಯ ಸಮೀಕರಣ ಕೊಟ್ಟು ಒಂದು ನಿರ್ದಿಷ್ಟ ಬೆಲೆಯಲ್ಲಿ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎನ್ನುವ ಅಳತೆ) ಕಂಡುಹಿಡಿಯಿರಿ ಎಂಬ ಪ್ರಶ್ನೆ. ಇನ್ನೊಂದು, ಇರುವ ಆದಾಯದಲ್ಲಿ ಗ್ರಾಹಕ ಅತಿ ಹೆಚ್ಚು ತೃಪ್ತಿ ಪಡೆಯುವ ಬಿಂದುವನ್ನು ಲೆಕ್ಕದಿಂದ ತೋರಿಸುವುದು. ಪರಿಮಾಣಾತ್ಮಕ ವಿಧಾನಗಳ, ಅಂದರೆ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತದ ಪತ್ರಿಕೆಯಂತೂ ಪೂರ್ತಿ ಬಿಳಿ.

ಆಗ ನಾನು ಪುಸ್ತಕ ಮುಚ್ಚಿಟ್ಟು, ‘ಇದೇ ಪ್ರಶ್ನೆ ಕನ್ನಡದಲ್ಲಿ ಕೇಳ್ತೀನಿ, ನಿನ್ನ ಊರಿನ ಮಾತಿನಲ್ಲೇ ಹೇಳು’ ಅಂದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಯಾಕೆ ಅಂತ ತೊಗರಿ ಮಾರುಕಟ್ಟೆಯ ಉದಾಹರಣೆ ಕೊಟ್ಟು ಸೊಗಸಾಗಿ ಹೇಳಿದಳು. ಸಮೀಕರಣ ಮುಂದಿಟ್ಟೆ. ಸುಮ್ಮನಾದಳು. ಇಲ್ಲಿ ಅವಕಲನ (ಡಿಫರೆನ್ಸಿಯೇಶನ್) ಮಾಡಬೇಕು ಅಂದರೆ, ಹಾಗೆಂದರೇನು ಅಂತ ಕೇಳಿದಳು.

ಈ ಪ್ರಕರಣದ ಮೊದಲ ತಿರುವು ಇದೇ. ಕನ್ನಡದಲ್ಲಿ ಕೇಳಿದರೂ ಉತ್ತರ ಬರದ ಕಡೆ ಇಂಗ್ಲಿಷನ್ನು ದೂರಿ ಏನು ಪ್ರಯೋಜನ? ಅವಳು ಕೊನೆಯದಾಗಿ ಗಣಿತ ಓದಿದ್ದು ಎಸ್‌ಎಸ್‌ಎಲ್‌ಸಿಯಲ್ಲಿ. ಅವಕಲನ ಶುರುವಾಗುವುದು ಪಿಯುಸಿ ಗಣಿತದಲ್ಲಿ. ಕಲಾ ವಿಭಾಗದಿಂದ ಬಂದವರು ಅದನ್ನು ನೋಡಿಯೇ ಇರುವುದಿಲ್ಲ. ಬಿ.ಎ.ಯಲ್ಲಿ ಅರ್ಥಶಾಸ್ತ್ರವನ್ನು ಮಾತು ಮತ್ತು ಚಿತ್ರದಲ್ಲೇ ಮುಗಿಸಿರುತ್ತಾರೆ. ಎಂ.ಎ.ಯಲ್ಲಿ ಅದೇ ವಿಷಯ ಸಮೀಕರಣವಾಗಿ ಬರುತ್ತದೆ. ಪಕ್ಕದಲ್ಲಿ ಕೂತವರು ಪಿಯುಸಿಯಲ್ಲಿ ವಿಜ್ಞಾನವನ್ನೋ ಕಾಮರ್ಸ್‌ನಲ್ಲಿ ಗಣಿತವನ್ನೋ ಓದಿರುತ್ತಾರೆ. ಅವರು ಇಂಗ್ಲಿಷ್‌ನಲ್ಲಿ ಪಟಪಟ ಮಾತನಾಡುವುದೂ ನಿಜ. ಹಾಗಾಗಿ ‘ಅವರಿಗೆ ಅರ್ಥವಾಗುತ್ತಿರುವುದು ಇಂಗ್ಲಿಷ್‌ನಿಂದ’ ಅಂತ ಅನಿಸಿಬಿಡುತ್ತದೆ.

ಆದರೂ ನನಗೆ ಒಂದು ಸಂಶಯ ಉಳಿಯಿತು. ಪರಿಮಾಣಾತ್ಮಕ ವಿಧಾನಗಳ ಮೇಷ್ಟ್ರು ಮೊದಲ ವಾರಗಳಲ್ಲಿ ಬುನಾದಿಯಿಂದಲೇ ಹೇಳಿಕೊಡುವವರು ಎಂದು ಕೇಳಿದ್ದೆ. ಇವಳಿಗೆ ಏನೂ ಸಿಗಲಿಲ್ಲವಾ? ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಆ ತರಗತಿ ಬೆಳಗ್ಗೆ ಮೊದಲನೇ ಪೀರಿಯಡ್. ಮಾವನ ಮನೆಯಿಂದ ಎರಡು ಬಸ್ ಬದಲಿಸಿ ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು.

ಅದರ ಹಿಂದಿನ ಗಂಟು, ಅದರ ಹಿಂದಿನದು

ಮೆಟ್ರೊದಲ್ಲಿ ಬಂದರೆ ಬೇಗ ತಲುಪಬಹುದಿತ್ತು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ನೇರವಾಗಿ ಓಡುತ್ತಿದೆ. ಆದರೆ ಟಿಕೆಟ್ ಕೊಳ್ಳಬೇಕು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ದುಡ್ಡಿಲ್ಲ. ಮನೆಯಲ್ಲಿ ಸಾಲ ಇರುವ ಹುಡುಗಿ ಬಸ್ಸನ್ನೇ ಆರಿಸುತ್ತಾಳೆ, ಅಲ್ವಾ? ಶಕ್ತಿ ಇಲ್ಲದಿದ್ದರೆ ಇಂಥ ಎಷ್ಟೋ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಮಾತ್ರ ಮನೆ ಅಷ್ಟು ದೂರವಿದ್ದದ್ದರಿಂದ, ಟಿಕೆಟ್ ಉಳಿಸಿದ್ದಕ್ಕೆ ಮೊದಲ ಪೀರಿಯಡ್ ಹೋಯಿತು. ಆ ಪತ್ರಿಕೆಯಲ್ಲಿ ಹಾಜರಾತಿ ಶೇ 75ಕ್ಕಿಂತ ಕೆಳಗೆ ಬಂದಿತ್ತು. ಹಾಗೇ ಮುಂದುವರಿದಿದ್ದರೆ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ.

ಹಾಸ್ಟೆಲ್ ಏನಾಯಿತು ಅಂತ ಕೇಳಿದೆ. ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ ಅಂದಳು. ಕಾಯುತ್ತಿದ್ದಳು ಪಾಪ. ಪೋರ್ಟಲ್ ತೆರೆದು ನೋಡಿದರೆ ಅರ್ಜಿ ಪೂರ್ತಿ ಸಲ್ಲಿಕೆಯೇ ಆಗಿರಲಿಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಯದೂ ಅದೇ ಗತಿ. ಕಾರಣ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿದೆ. ಆಧಾರ್‌ನಲ್ಲಿ ಅದಿಲ್ಲ, ಮನೆತನದ ಹೆಸರಿದೆ. ಸೈಬರ್ ಸೆಂಟರ್‌ನವರು ತುಂಬಿ ‘ಆಯ್ತು ಹೋಗಿ’ ಅಂದಿದ್ದರು. ಸ್ವೀಕೃತಿ ಪ್ರತಿ ಕೇಳಬೇಕು ಅಂತ ಇವಳಿಗೆ ಗೊತ್ತಿರಲಿಲ್ಲ.

ಹೆಸರು ಹೊಂದದೆ ಹಾಸ್ಟೆಲ್ ತಡೆಯಿತು. ಹಾಸ್ಟೆಲ್ ಇಲ್ಲದೆ ದೂರದ ಮನೆ, ಆ ದೂರದಿಂದ ಮೊದಲ ಪೀರಿಯಡ್ ನಷ್ಟ, ಆ ಪೀರಿಯಡ್‌ನಲ್ಲೇ ಗಣಿತದ ಬುನಾದಿ. ಕೊನೆಗೆ ಕಣ್ಣಿಗೆ ಬಿದ್ದದ್ದು ಖಾಲಿ ಉತ್ತರ ಪತ್ರಿಕೆ. ಅದಕ್ಕೆ ಎಲ್ಲರೂ ಕೊಟ್ಟ ಕಾರಣ ಇಂಗ್ಲಿಷ್.

ಏನು ಮಾಡಿದೆವು

ಹೆಸರು ಯಾವ ಕಡೆ ತಿದ್ದಬೇಕು ಎನ್ನುವುದು ಮೊದಲ ಪ್ರಶ್ನೆ. ತಂದೆ ಅಂಕಪಟ್ಟಿ ಬದಲಿಸೋಣ ಅಂದರು. ಆಧಾರ್ ಎಲ್ಲ ಕಡೆ ಬೇಕಲ್ಲ, ಅದೇ ದೊಡ್ಡದು ಎಂದು ಅವರ ಭಾವನೆ. ಓದಿನ ವಿಷಯದಲ್ಲಿ ಇದು ತಿರುಗುಮುರುಗು. ಪಿಯುಸಿ, ಡಿಗ್ರಿ, ಮುಂದೆ ನೌಕರಿ, ಎಲ್ಲದರ ಬೇರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದನ್ನು ತಿದ್ದಿದರೆ ಮುಂದಿನ ಎಲ್ಲವನ್ನೂ ತಿದ್ದಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಬದಲಿಸಬಹುದು. ಆಧಾರ್ ಸೇವಾ ಕೇಂದ್ರದಲ್ಲಿ ದಾಖಲೆ ಕೊಟ್ಟು ಅದನ್ನೇ ಅಂಕಪಟ್ಟಿಯ ಹೆಸರಿಗೆ ಹೊಂದಿಸಿದಳು.

ಜೊತೆಗೆ ಬ್ಯಾಂಕ್ ಖಾತೆ. ಸ್ಕಾಲರ್‌ಶಿಪ್ ಹಣ ನಾವು ಕೊಟ್ಟ ಪಾಸ್‌ಬುಕ್‌ಗೆ ಬರುವುದಿಲ್ಲ, ಆಧಾರ್‌ಗೆ ಎನ್‌ಪಿಸಿಐಯಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆಯಾದ ಖಾತೆಗೆ ಬರುತ್ತದೆ. ಇವಳದು ಶಾಲೆಯಲ್ಲಿದ್ದಾಗ ಮಾಡಿಸಿದ ಊರಿನ ಖಾತೆಗೆ ಜೋಡಣೆಯಾಗಿತ್ತು. ವರ್ಷಗಟ್ಟಲೆ ಮುಟ್ಟದೆ ಆ ಖಾತೆ ನಿಂತುಹೋಗಿತ್ತು. ಬೆಂಗಳೂರಿನಲ್ಲಿ ಹೊಸ ಖಾತೆ ಮಾಡಿಸಿ, ಬ್ಯಾಂಕಿನಲ್ಲಿ ಫಾರಂ ಕೊಟ್ಟು ಜೋಡಣೆ ಬದಲಿಸಿದೆವು. ಹಾಸ್ಟೆಲ್ ಸಿಗದಿದ್ದರೆ ಇರಲಿ ಅಂತ ವಿದ್ಯಾಸಿರಿಯನ್ನೂ ನೋಡಿಟ್ಟೆವು. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆ ಆ ವರ್ಷ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಹಾಸ್ಟೆಲ್ ಸಿಕ್ಕರೆ ಇದು ಸಿಗುವುದಿಲ್ಲ.

ಇವೆಲ್ಲ ತಿಂಗಳುಗಳ ಕೆಲಸ. ಅಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಹಾಗಾಗಿ ಮೊದಲು ಮನೆ ಬದಲಾಗಬೇಕಿತ್ತು. ಸಾಲಿನಲ್ಲಿ ಮುಚ್ಚಳಿಕೆಯ ವಿಷಯ ಹೇಳಿದ್ದಳಲ್ಲ, ಆ ಹುಡುಗಿ ಕ್ಯಾಂಪಸ್ ಹತ್ತಿರ ಇಬ್ಬರು ಸೀನಿಯರ್‌ಗಳ ಜೊತೆ ರೂಮ್ ಮಾಡಿದ್ದಳು. ತಲೆಗೆ ಎರಡೂವರೆ ಸಾವಿರ, ಅಡುಗೆ ತಾವೇ. ಊರಿನಿಂದ ಬಸ್ಸಿಗೆ ಹಾಕಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹದಿನೈದು ದಿನ ನಡೆಯುತ್ತದೆ. ಪಿಜಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಖರ್ಚು.

ತಂದೆ ಒಪ್ಪಲಿಲ್ಲ. ‘ಮಾವನ ಮನಿ ಇದ್ದು ಬ್ಯಾರೆ ಕಡೆ ಇಟ್ರ ಮಂದಿ ಏನಂತಾರ್ರೀ?’ ಅವರ ಭಯ ಎರಡು: ಮಗಳ ಸುರಕ್ಷತೆ, ಹೆಂಡತಿಯ ತಮ್ಮನಿಗೆ ಅವಮಾನವಾಗುತ್ತದೆ ಎನ್ನುವುದು. ನಾನು ಎಷ್ಟು ಹೇಳಿದರೂ ಹೊರಗಿನವಳು. ಈ ಗಂಟು ಬಿಚ್ಚಿದ್ದು ಮಾವ. ಒಂದು ದಿನ ಕೆಲಸಕ್ಕೆ ರಜೆ ಹಾಕಿ ಸೊಸೆಯ ಜೊತೆ ಬೆಳಗಿನ ಬಸ್ಸಿನಲ್ಲಿ ತಾವೇ ಕ್ಯಾಂಪಸ್‌ವರೆಗೆ ಬಂದರು. ಎಷ್ಟು ಹೊತ್ತಾಗುತ್ತದೆ ಅಂತ ನೋಡಿದರು. ರೂಮ್ ನೋಡಿದರು, ಮನೆ ಮಾಲೀಕರ ಹತ್ತಿರ ಮಾತಾಡಿದರು. ಸಂಜೆ ಭಾವನಿಗೆ ಅವರೇ ಫೋನ್ ಮಾಡಿ, ‘ಇಲ್ಲಿ ಇಟ್ಟು ಓದಸ್ರಿ, ನನ್ನ ಮನಿಗೆ ಐತವಾರ ಬರ್ತಾಳ’ ಅಂದರು. ಮೊದಲ ತಿಂಗಳ ಬಾಡಿಗೆಯನ್ನೂ ಅವರೇ ಕೊಟ್ಟರು. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ನಿರ್ಧಾರ ಇದು ಎಂದು ನಾನು ನಂಬಿದ್ದೇನೆ. ಅದನ್ನು ತೆಗೆದುಕೊಂಡವರು ಶಾಲೆ ಬಿಟ್ಟು ಕಟ್ಟಡ ಕೆಲಸಕ್ಕೆ ಬಂದ ಮನುಷ್ಯ.

ಗಣಿತಕ್ಕೆ ಬೇರೆ ಏರ್ಪಾಡು. ಸ್ಪೋಕನ್ ಇಂಗ್ಲಿಷ್ ನಿಲ್ಲಿಸಿದಳು, ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಬಿ.ಎಸ್ಸಿ. ಗಣಿತ ಓದಿ ಅರ್ಥಶಾಸ್ತ್ರಕ್ಕೆ ಬಂದ ಸಹಪಾಠಿಯೊಬ್ಬಳು ಸಿಕ್ಕಳು. ಅವಳಿಗೆ ಕೌಟಿಲ್ಯನೂ ಗೊತ್ತಿಲ್ಲ, ಪಂಚವಾರ್ಷಿಕ ಯೋಜನೆಯೂ ಗೊತ್ತಿಲ್ಲ. ಇಬ್ಬರೂ ಕೊಡು-ಕೊಳ್ಳುವ ಒಪ್ಪಂದ ಮಾಡಿಕೊಂಡರು. ಪ್ರಥಮ ಪಿಯುಸಿ ಗಣಿತ ಪುಸ್ತಕ ತಂದು, ಅದರಲ್ಲಿ ಫಲನ, ಸರಳರೇಖೆಯ ಇಳಿಜಾರು, ಮಿತಿ, ಅವಕಲನದ ಅಧ್ಯಾಯ ಮಾತ್ರ ಓದಲು ಹೇಳಿದೆ. ಪುಸ್ತಕ ಇಂಗ್ಲಿಷ್‌ನದು. ಅವಳು ಅದನ್ನು ಓದಿ ಲೆಕ್ಕ ಬಿಡಿಸಿದಳು. ಭಾಷೆ ಅಡ್ಡ ಬಂತು ಅಂತ ಒಂದು ಸಲವೂ ಹೇಳಲಿಲ್ಲ.

ಪರೀಕ್ಷೆ ಯಾವ ಭಾಷೆಯಲ್ಲಿ ಬರೆಯುವುದು ಎನ್ನುವುದನ್ನು ಅವಳೇ ನಿರ್ಧರಿಸಿದಳು: ವಿವರಣೆಯ ಉತ್ತರ ಪೂರ್ತಿ ಕನ್ನಡದಲ್ಲಿ, ಪಾರಿಭಾಷಿಕ ಪದ ಇಂಗ್ಲಿಷ್‌ನಲ್ಲಿ. ಅರ್ಧಂಬರ್ಧ ಬರೆಯುವುದು ಬಿಟ್ಟ ಮೇಲೆ ಉತ್ತರ ಉದ್ದವೂ ಆಯಿತು, ಗಟ್ಟಿಯೂ ಆಯಿತು.

ಆದದ್ದು

ಹಾಜರಾತಿಯ ಕೊರತೆಯನ್ನು ಉಳಿದ ವಾರಗಳಲ್ಲಿ ತುಂಬಿಕೊಂಡಳು. ಮೊದಲ ಸೆಮಿಸ್ಟರ್‌ನಲ್ಲಿ ಪರಿಮಾಣಾತ್ಮಕ ವಿಧಾನಗಳ ಪತ್ರಿಕೆ ಫೇಲಾಯಿತು, ಮಿಕ್ಕದ್ದೆಲ್ಲ ಪಾಸು. ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ತರಗತಿಯ ಮೇಲಿನ ಸಾಲಿನಲ್ಲಿದ್ದಳು. ಫೇಲಾದ ಪತ್ರಿಕೆಯನ್ನು ಮುಂದಿನ ಅವಕಾಶದಲ್ಲಿ ಕಟ್ಟಿ ಪಾಸಾದಳು. ಹಾಸ್ಟೆಲ್ ಸಿಕ್ಕಿದ್ದು ಎರಡನೇ ಸೆಮಿಸ್ಟರ್ ಶುರುವಾದ ಮೇಲೆ. ಸ್ಕಾಲರ್‌ಶಿಪ್ ಬಂದದ್ದು ಅದಕ್ಕೂ ಆಚೆ. ಅಷ್ಟರಲ್ಲಿ ತಾಯಿ ಸಂಘದ ಸಾಲವನ್ನು ಕೂಲಿ ದುಡ್ಡಿನಿಂದಲೇ ಬಹುಪಾಲು ತೀರಿಸಿದ್ದರು. ಸ್ಕಾಲರ್‌ಶಿಪ್ ನಂಬಿ ಸಾಲ ಮಾಡುವ ಮನೆಗಳಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು: ಖರ್ಚು ಮೊದಲ ತಿಂಗಳಲ್ಲೇ ಬರುತ್ತದೆ, ಹಣ ವರ್ಷದ ಕೊನೆಗೆ ಬಂದರೂ ಬಂತು. ನಡುವಿನ ತಿಂಗಳುಗಳ ಬಾಡಿಗೆ, ಊಟ, ಓಡಾಟಕ್ಕೆ ಬೇರೆ ಏರ್ಪಾಡು ಇರಲೇಬೇಕು.

ಈ ಪ್ರಕರಣದ ನಂತರ ಹೊಸದಾಗಿ ಬಂದವರನ್ನು ನಾನು ಕೇಳುವ ಪ್ರಶ್ನೆಗಳು ಬದಲಾಗಿವೆ. ಎಲ್ಲಿ ಉಳಿದಿದ್ದೀಯ, ಮೊದಲ ಪೀರಿಯಡ್ ಯಾವುದು, ಅದಕ್ಕೆ ತಲುಪುತ್ತೀಯಾ, ಅರ್ಜಿಯ ಸ್ವೀಕೃತಿ ತೋರಿಸು, ಎಸ್‌ಎಸ್‌ಎಲ್‌ಸಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಡು. ಪಾಠದ ಮಾತು ಆಮೇಲೆ. ಯಾರಾದರೂ ಇಂಗ್ಲಿಷ್ ಬರಲ್ಲ ಅಂದರೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ನೋಡುತ್ತೇನೆ. ಕೆಲವರಿಗೆ ನಿಜವಾಗಿಯೂ ಇಂಗ್ಲಿಷೇ ತೊಡಕಾಗಿರುತ್ತದೆ, ಅವರಿಗೆ ಬೇರೆಯೇ ನೆರವು ಬೇಕು.

ಅವಳು ಈಗ ಎರಡನೇ ವರ್ಷದಲ್ಲಿದ್ದಾಳೆ. ಸೆಮಿನಾರ್‌ನಲ್ಲಿ ತೊಗರಿ ಬೆಂಬಲ ಬೆಲೆಯ ಬಗ್ಗೆ ಇಂಗ್ಲಿಷ್, ಕನ್ನಡ ಬೆರೆಸಿ ಮಾತನಾಡಿದಳು. ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆಯುವ ಆಸೆ ಇದೆ. ಅದಕ್ಕೆ ಎಂ.ಎ.ಯಲ್ಲಿ ಶೇ 55 ಬೇಕು, ಹಿಂದುಳಿದ ವರ್ಗಕ್ಕೆ ಶೇ 50. ಅವಳ ಅಂಕ ಸದ್ಯಕ್ಕೆ ಅದಕ್ಕಿಂತ ಮೇಲಿದೆ. ಬಿ.ಎಡ್. ಮಾತು ಮನೆಯಲ್ಲಿ ಇನ್ನೂ ಇದೆ. ಎಂ.ಎ. ಮುಗಿದ ಮೇಲೆ ನೋಡೋಣ ಎನ್ನುವಷ್ಟಕ್ಕೆ ತಂದೆ ಒಪ್ಪಿದ್ದಾರೆ.